ಇಸ್ತ್ರಿ ಪೆಟ್ಟಿಗೆಯ ರೊಟ್ಟಿ

ಜನವರಿ 12

ಅಮ್ಮನಿಗೆ,

ಬಂದು ತಲುಪಿದ್ದೇವೆ. ನನ್ನ ಕೋಣೆಯ ಗೆಳತಿ ಇಡೀ ದಾರಿ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಕೂತಿದ್ದಳು. ಎರಡು ಸಲ ಇಳಿದು ವಾಂತಿ ಮಾಡಿದಳು. ಬಸ್ಸಿನ ಕುಲುಕಾಟಕ್ಕೆ ಹೀಗಾಯಿತು ಎಂದು ತಾನೇ ಸಬೂಬು ಹೇಳಿದಳು, ಪಾಪ. ನನಗೆ ಗೊತ್ತು, ಅದು ಬಸ್ಸಲ್ಲ, ನಿನ್ನ ರೊಟ್ಟಿ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಮೂರು ಮಾತಾಡುವಷ್ಟರಲ್ಲಿ ನೀನು ಆರು ಮಾತಾಡಿ ಇಟ್ಟುಬಿಡುತ್ತೀಯ. ಕಾಗದಕ್ಕೆ ಆ ಭಯವಿಲ್ಲ. ಪೂರ್ತಿ ಓದಲೇಬೇಕು.

ಶನಿವಾರ ಬೆಳಿಗ್ಗೆ ನಾನು ಬಚ್ಚಲ ಬಾಗಿಲ ಸಂದಿಯಿಂದ ಎಲ್ಲ ನೋಡಿದೆ. ನೀನು ಯಾರದೋ ಖಾಕಿ ಪ್ಯಾಂಟಿನ ಹಿಂಭಾಗಕ್ಕೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದೆ. ಹಬೆ ಎದ್ದಿತು. ಆ ಹಬೆಯಲ್ಲಿ ಬಂದ ಬೆವರಿನ ವಾಸನೆ ನನ್ನ ತನಕ ಬಂತು. ಆಮೇಲೆ ಅದೇ ಮೇಜಿನ ಮೇಲೆ ಹಿಂದಿನ ದಿನದ ರೊಟ್ಟಿ ಇಟ್ಟೆ, ಅದೇ ಒದ್ದೆ ಬಟ್ಟೆಯನ್ನು ಅದರ ಮೇಲೆ ಹಾಸಿದೆ, ಅದೇ ಪೆಟ್ಟಿಗೆಯನ್ನು ಒತ್ತಿದೆ. ತಿರುಗಿಸಿ ಇನ್ನೊಂದು ಮಗ್ಗುಲೂ ಒತ್ತಿದೆ. ಕಾಲರಿಗೆ ಕೊಡುವಷ್ಟೇ ಶ್ರದ್ಧೆ. ಆ ರೊಟ್ಟಿಯನ್ನು ನೀನು ನನ್ನ ಗೆಳತಿಯ ತಟ್ಟೆಗೆ ಹಾಕಿದೆ. ಗಂಜಿಯ ವಾಸನೆ, ಬೆವರಿನ ವಾಸನೆ, ಜೊತೆಗೆ ಅಂಚಿನಲ್ಲಿ ಒಂದು ಖಾಕಿ ದಾರ. ದಾರವನ್ನು ಅವಳು ಬೆರಳ ತುದಿಯಲ್ಲಿ ಎತ್ತಿ ತಟ್ಟೆಯ ಪಕ್ಕ ಇಟ್ಟಳು. ನಾನಾಗಿದ್ದರೆ ತಟ್ಟೆಯನ್ನೇ ಎಸೆಯುತ್ತಿದ್ದೆ.

ಶಾಲೆಗೆ ಹೋಗುವಾಗಲೂ ಇದನ್ನೇ ತಿಂದೆ. ನನ್ನ ಡಬ್ಬಿ ತೆರೆದರೆ ಪಕ್ಕದವರು ಸರಿದು ಕೂರುತ್ತಿದ್ದರು. ಧೋಬಿ ಡಬ್ಬಿ ಎನ್ನುತ್ತಿದ್ದರು. ಆಗ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ. ಬಾಣಲೆಯೋ ಹೆಂಚೋ ಒಂದು ಇಟ್ಟುಕೊಂಡು, ಮನುಷ್ಯರು ಮಾಡುವ ಹಾಗೆ ನೀರು ಚಿಮುಕಿಸಿ ಬಿಸಿ ಮಾಡಿದರೆ ಏನು ಗಂಟು ಹೋಗುತ್ತದೆ?

ನಿನ್ನ ಮಗಳು


ಜನವರಿ 20

ಮೂಗಿನ ರಾಣಿಗೆ,

ಕಾಗದ ಪೂರ್ತಿ ಓದಿದೆ. ಎರಡು ಸಲ ಓದಿದೆ. ಎರಡನೇ ಸಲ ನಗು ಬಂತು.

ದಿನಾ ಬೆಳಗಾದರೆ ಊರವರ ಬಾಯೊಳಗೆ ಕೈ ಹಾಕುವವಳು ನೀನು. ಹುಳುಕು ಹಲ್ಲು, ಕೀವು, ಎಂಜಲು, ಯಾವುದೂ ನಿನಗೆ ಹೇಸಿಗೆಯಲ್ಲ. ಅಮ್ಮನ ರೊಟ್ಟಿ ಮಾತ್ರ ಹೇಸಿಗೆ. ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿಯಾಗಿ ಸೇರಿ ಎರಡು ವರ್ಷ ಆಗಿಲ್ಲ, ಆಗಲೇ ಹೆತ್ತವಳನ್ನೂ ಕುದಿಯುವ ನೀರಿಗೆ ಅದ್ದಿ ತೆಗೆಯಬೇಕು ಅನ್ನಿಸುತ್ತಿದೆ ನಿನಗೆ.

ಒದ್ದೆ ಬಟ್ಟೆ ಅದೇ ಅಲ್ಲ. ರೊಟ್ಟಿಗೆ ಬೇರೆ ಇದೆ. ಅವತ್ತು ಕೈತಪ್ಪಿರಬಹುದು. ಇಸ್ತ್ರಿ ಪೆಟ್ಟಿಗೆ ಕಾದಾಗ ಯಾವ ಕ್ರಿಮಿಯೂ ಉಳಿಯುವುದಿಲ್ಲ, ಬೇಕಾದರೆ ನಿನ್ನ ಡಾಕ್ಟರನ್ನೇ ಕೇಳು. ಒಲೆ ಏಕಿಲ್ಲ ಎಂದು ನೂರು ಸಲ ಹೇಳಿದ್ದೇನೆ. ಅಂಗಡಿ, ಅಡುಗೆ, ಹಾಸಿಗೆ ಎಲ್ಲಾ ಒಂದೇ ಕೋಣೆ. ಒಗ್ಗರಣೆಯ ಹೊಗೆ ಬಿಳಿ ಅಂಗಿಗೆ ಹಿಡಿದರೆ ಗಿರಾಕಿ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಅನ್ನಕ್ಕೆ ಕರೆಂಟಿನ ಪಾತ್ರೆ ಇದೆ. ರೊಟ್ಟಿಯನ್ನು ಹಿಂದಿನ ಬೀದಿಯವಳು ತಟ್ಟಿ ಕೊಡುತ್ತಾಳೆ. ಸಂಜೆ ತಂದದ್ದು ಸಂಜೆಗೆ, ಉಳಿದದ್ದು ಬೆಳಿಗ್ಗೆಗೆ. ಇಷ್ಟರಲ್ಲೇ ನೀನು ಎದೆಯುದ್ದ ಬೆಳೆದಿದ್ದು, ಆ ಮೂಗೂ ಬೆಳೆದಿದ್ದು.

ಹಸಿವು ರುಚಿ ಅರಿಯದು. ನಿನ್ನ ಗೆಳತಿಗೆ ಹಸಿವಾಗಿರಲಿಲ್ಲ, ಅಷ್ಟೆ. ಅವಳಿಗೆ ನನ್ನ ಕಡೆಯಿಂದ ಹೇಳು, ಮುಂದಿನ ಸಲ ಬಾಳೆಹಣ್ಣು ಕೊಡುತ್ತೇನೆ. ಅದಕ್ಕೆ ಇಸ್ತ್ರಿ ಹಾಕುವುದಿಲ್ಲ.

ನಿನ್ನ ಅಮ್ಮ


ಫೆಬ್ರವರಿ 2

ಅಮ್ಮನಿಗೆ,

ತಮಾಷೆ ಮಾಡಿ ಜಾರಿಕೊಳ್ಳಬೇಡ. ನಾನು ಬಾಯೊಳಗೆ ಕೈ ಹಾಕುವುದು ನಿಜ, ಕೈಗವಸು ಹಾಕಿಕೊಂಡು ಹಾಕುತ್ತೇನೆ. ಒಬ್ಬರ ಬಾಯಿಗೆ ಹೋದ ಚಿಮಟ ಕುದಿಸದೆ ಇನ್ನೊಬ್ಬರ ಬಾಯಿಗೆ ಹೋಗುವುದಿಲ್ಲ. ನಿನ್ನ ಪೆಟ್ಟಿಗೆ ಮಾತ್ರ ಪ್ಯಾಂಟಿನಿಂದ ನೇರ ರೊಟ್ಟಿಗೆ.

ಮತ್ತೂ ಒಂದು ವಿಷಯ ಹೇಳಿರಲಿಲ್ಲ. ಬುಟ್ಟಿಯ ತಳದಲ್ಲಿದ್ದ ರೊಟ್ಟಿಯ ಮೇಲೆ ಹಸಿರು ಚುಕ್ಕೆಗಳಿದ್ದವು. ಬೂಸ್ಟು ಅಮ್ಮ, ಬೂಸ್ಟು. ನೀನು ಅದನ್ನು ಉಗುರಿನಿಂದ ಕೆರೆದು, ಒರೆಸಿ, ಒತ್ತಿ, ನಿನ್ನ ತಟ್ಟೆಗೆ ಹಾಕಿಕೊಂಡೆ. ಅದನ್ನು ಜಗಿಯುತ್ತಾ ನಮ್ಮ ಜೊತೆ ನಗುತ್ತಾ ಮಾತಾಡಿದೆ. ನಾನು ನಿನ್ನ ಬಾಯಿಯನ್ನೇ ನೋಡುತ್ತಿದ್ದೆ. ನನಗೆ ಹೇಸಿಗೆಯಾಯಿತು. ಹೆತ್ತ ತಾಯಿಯನ್ನು ನೋಡಿ ಹಾಗಾಗಬಾರದು, ಆದರೆ ಆಯಿತು.

ಅದಕ್ಕೇ ಹೇಳುತ್ತೇನೆ. ಆ ಮೇಜಿನ ಮೇಲೆ ರೊಟ್ಟಿ ಇಡುವುದನ್ನು ನಿಲ್ಲಿಸುವ ತನಕ ನಾನು ಆ ಮನೆಗೆ ಬರುವುದಿಲ್ಲ. ಮಾರ್ಚಿನ ರಜೆಗೂ ಇಲ್ಲ, ಆಮೇಲೂ ಇಲ್ಲ. ಮಗಳು ಬೇಕೋ ಇಸ್ತ್ರಿ ರೊಟ್ಟಿ ಬೇಕೋ, ನೀನೇ ನೋಡು.

ನಿನ್ನ ಮಗಳು


ಮಾರ್ಚ್ 6

ಮಗಳೇ,

ರಜೆ ಶುರುವಾಗಿರಬೇಕು. ಬಸ್ಸು ನಿಲ್ಲುವ ಹೊತ್ತಿಗೆ ಒಂದೆರಡು ದಿನ ಅಂಗಡಿಯ ಹೊರಗೆ ನಿಂತಿದ್ದೆ. ಗಾಳಿಗೆ ನಿಂತಿದ್ದೆ, ನಿನಗಾಗಿ ಅಲ್ಲ.

ಒಂದು ಸುದ್ದಿ ಇದೆ. ಹೇಗೂ ಪಕ್ಕದ ದರ್ಜಿಯ ಹೆಂಡತಿ ನಿನ್ನ ಕಿವಿಗೆ ಹಾಕುತ್ತಾಳೆ, ಅದಕ್ಕಿಂತ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ಎದುರು ಮಹಡಿಯ ವಕೀಲರು ಗೊತ್ತಲ್ಲ, ಮಾತಿಗೊಮ್ಮೆ ಗಂಟಲು ಸರಿ ಮಾಡಿಕೊಳ್ಳುವವರು. ಅವರ ಕರಿ ಗೌನು ಇಸ್ತ್ರಿಗೆ ಬಂದಿತ್ತು. ನನ್ನ ಬೆಳಗಿನ ರೊಟ್ಟಿ ಅರ್ಧ ಬಿಸಿಯಾಗುವಷ್ಟರಲ್ಲಿ ಅವರು ಅವಸರ ಮಾಡಿದರು. ನಾನು ರೊಟ್ಟಿ ಇದ್ದುದನ್ನು ಮರೆತು ಅದರ ಮೇಲೆಯೇ ಗೌನು ಹಾಸಿದೆ. ಒತ್ತಿದೆ. ಮಡಿಸಿದೆ. ಮಡಿಕೆ ಚೆನ್ನಾಗಿ ಕೂತಿತ್ತು. ಅವರು ಅದನ್ನು ತೋಳಿನ ಮೇಲೆ ಹಾಕಿಕೊಂಡು ಹೋಗಿ, ಕೋರ್ಟಿನಲ್ಲಿ ಜಡ್ಜರ ಎದುರಿಗೆ ಕೊಡವಿದ್ದಾರೆ. ರೊಟ್ಟಿ ಹಾರಿ ಹೋಗಿ ಎದುರು ಪಕ್ಷದ ವಕೀಲರ ಕಾಗದಗಳ ಮೇಲೆ ಕೂತಿತಂತೆ. ಇದೇನು ಸಾಕ್ಷಿಯೋ ಎಂದು ಜಡ್ಜರು ಕೇಳಿದರಂತೆ.

ನನಗೆ ಹೇಳುವಾಗ ವಕೀಲರು ನಗಲಿಲ್ಲ. ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ, ಇದು ಅಸಹ್ಯ ಎಂದರು. ಇನ್ನು ಅವರ ಮಹಡಿಯ ಯಾರ ಬಟ್ಟೆಯೂ ಬರುವುದಿಲ್ಲವಂತೆ. ನೀನು ಹೇಳಿದ ಮಾತನ್ನೇ ಹೇಳಿದರು ನೋಡು. ಊರೆಲ್ಲ ಒಂದೇ ಮಾತು ಕಲಿತಿದ್ದೀರಿ.

ಒದ್ದೆ ಬಟ್ಟೆಯನ್ನು ಈಗ ನಿಜವಾಗಿ ಬೇರೆ ಮಾಡಿದ್ದೇನೆ. ರೊಟ್ಟಿಯದಕ್ಕೆ ಕೆಂಪು ದಾರದ ಗುರುತು ಹಾಕಿದ್ದೇನೆ. ಬಂದು ನೋಡು.

ನಿನ್ನ ಅಮ್ಮ


ಮಾರ್ಚ್ 15

ಅಮ್ಮನಿಗೆ,

ಓದಿ ತಲೆ ಚಚ್ಚಿಕೊಂಡೆ. ಗೆಳತಿ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಅಷ್ಟೆಲ್ಲ ಜನರೆದುರು ಬಿದ್ದದ್ದು ನಾವಿಬ್ಬರು ತಿಂದು ಬದುಕಿದ ರೊಟ್ಟಿ. ಅದನ್ನು ಯಾರು ಎತ್ತಿ ಎಸೆದರೋ, ಯಾವ ಎರಡು ಬೆರಳಲ್ಲಿ ಹಿಡಿದರೋ, ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ.

ಇನ್ನು ನಿನ್ನ ಜೊತೆ ವಾದ ಮಾಡುವುದಿಲ್ಲ. ಕೆಂಪು ದಾರ, ಹಸಿರು ದಾರ ಯಾವುದೂ ಬೇಡ. ನಾನೇ ಒಂದು ಏರ್ಪಾಡು ಮಾಡಿದ್ದೇನೆ. ಇನ್ನೊಂದು ವಾರದಲ್ಲಿ ಅಂಗಡಿಯವರು ಮನೆಗೇ ತಂದು, ಜೋಡಿಸಿ, ಹೇಗೆ ಎಂದು ತೋರಿಸಿಕೊಟ್ಟು ಹೋಗುತ್ತಾರೆ. ಏನು ಎಂದು ಈಗಲೇ ಹೇಳುವುದಿಲ್ಲ. ಹೊಗೆ ಬರುವುದಿಲ್ಲ, ಬಿಳಿ ಅಂಗಿಗೆ ಏನೂ ಆಗುವುದಿಲ್ಲ, ನೆಪ ಹೇಳಲು ನಿನಗೆ ಜಾಗವೇ ಉಳಿಯುವುದಿಲ್ಲ.

ಅದರ ಮೇಲೆ ಒಂದು ರೊಟ್ಟಿ ಬಿಸಿ ಮಾಡಿ ತಿಂದು ನನಗೆ ಬರೆ. ಮರುದಿನವೇ ಬಸ್ಸು ಹತ್ತುತ್ತೇನೆ.

ನಿನ್ನ ಮಗಳು


ಮಾರ್ಚ್ 28

ಒಲೆ ಕಳುಹಿಸಿದ್ದೀಯ. ಗ್ಯಾಸಿನ ಒಲೆ.

ನಾನು ಬೇಡ ಎನ್ನುವಷ್ಟರಲ್ಲಿ ಆ ಮನುಷ್ಯ ಜೋಡಿಸಿ ಆಗಿತ್ತು. ಹೀಗೆ ನೋಡಿ ಅಮ್ಮಾ ಎಂದು ತಿರುಗಿಸಿ ಹಚ್ಚಿಯೇ ಬಿಟ್ಟ. ಬುಸ್ ಎಂದಿತು. ನೀಲಿ ಉರಿ ಎದ್ದಿತು. ನಾನು ಬೀದಿಗೆ ಓಡಿದೆ. ಚಪ್ಪಲಿ ಇಲ್ಲ, ತಲೆ ಕೆದರಿದೆ. ಎದುರಿನ ಕಟ್ಟೆಯ ಮೇಲೆ ಕೂತಿದ್ದೆ, ಜನ ಸುತ್ತ ನಿಂತು ಮಾಟ ಮಾಡಿಸಿಕೊಂಡವಳನ್ನು ನೋಡುವ ಹಾಗೆ ನೋಡಿದರು. ಇಸ್ತ್ರಿ ಪೆಟ್ಟಿಗೆ ಯಾರದೋ ಅಂಗಿಯ ಮೇಲೆ ಹಾಗೇ ಉಳಿದು ಬೆನ್ನು ಪೂರ್ತಿ ಸುಟ್ಟು ಹೋಯಿತು. ಸುಟ್ಟ ಬಟ್ಟೆಯ ನಾತ. ಅದು ನನಗೆ ಗೊತ್ತಿರುವ ನಾತ. ಬಾಯಿ ತುಂಬ ವಾಂತಿ ಬಂತು. ಹೇಸಿಗೆ ಎಂದರೆ ಏನೆಂದು ನನಗೆ ಕಲಿಸಬೇಡ.

ನಿಮ್ಮಪ್ಪ ಜ್ವರ ಬಂದು ಸತ್ತರು ಎಂದು ಹೇಳಿ ಬೆಳೆಸಿದ್ದೇನೆ. ಜ್ವರವಲ್ಲ. ನಿನಗೆ ಆಗ ನಾಲ್ಕು ವರ್ಷ. ಬೆಳಿಗ್ಗೆ ನಿನ್ನೆಯ ರೊಟ್ಟಿ ತಟ್ಟೆಗೆ ಹಾಕಿ ಕೊಟ್ಟೆ. ನೀನು ಇದೇ ಮೂಗು ಮುರಿದೆ. "ಥೂ, ತಣ್ಣಗಿದೆ, ನಂಗೆ ಬೇಡ" ಎಂದು ತಟ್ಟೆ ತಳ್ಳಿದೆ. ತಿಂದರೆ ತಿನ್ನು, ಬಿಟ್ಟರೆ ಬಿಡು ಎಂದೆ ನಾನು. ಅವರು ಕೇಳಲಿಲ್ಲ. ಮಗುವಿಗೆ ಬಿಸಿ ಮಾಡಿ ಕೊಡುತ್ತೇನೆ ಎಂದು ಎದ್ದು ಹೋಗಿ ಸೀಮೆಎಣ್ಣೆ ಸ್ಟವ್‌ಗೆ ಗಾಳಿ ಹೊಡೆದು ಕಡ್ಡಿ ಗೀರಿದರು. ಸ್ಟವ್ ಸಿಡಿಯಿತು. ಒಂಬತ್ತು ದಿನ ಬದುಕಿದ್ದರು. ಆ ಒಂಬತ್ತು ದಿನ ನಾನು ನೋಡಿದ್ದನ್ನು ಬರೆಯುವುದಿಲ್ಲ.

ಆ ಊರು ಬಿಟ್ಟೆ. ಅಂದಿನಿಂದ ನನ್ನ ಮನೆಯಲ್ಲಿ ಕಡ್ಡಿ ಗೀರಿಲ್ಲ. ಎಲ್ಲರೂ ಇದ್ದಿಲಿನ ಪೆಟ್ಟಿಗೆ ಇಟ್ಟುಕೊಂಡಾಗ ನಾನೊಬ್ಬಳೇ ಕರೆಂಟಿನದು ತಂದು, ಕರೆಂಟು ಹೋದಾಗಲೆಲ್ಲ ಕೈ ಕಟ್ಟಿ ಕೂತೆ. ಆ ಪೆಟ್ಟಿಗೆಯಲ್ಲಿ ಉರಿ ಇಲ್ಲ, ಬಿಸಿ ಮಾತ್ರ ಇದೆ. ಅದಕ್ಕೇ ಅದರಲ್ಲಿ ನಿನಗೆ ರೊಟ್ಟಿ ಬಿಸಿ ಮಾಡಿ ಕೊಟ್ಟೆ. ಆಮೇಲೆ ಒಂದು ದಿನವೂ ನಿನಗೆ ತಣ್ಣಗಿನ ರೊಟ್ಟಿ ಕೊಟ್ಟಿಲ್ಲ, ನೆನಪು ಮಾಡಿಕೊ.

ನಿನ್ನ ನಾಲಗೆಗೆ ಬಿಸಿ ರೊಟ್ಟಿ ಬೇಕಿತ್ತು. ಬೆಲೆ ಕೊಟ್ಟದ್ದು ಅವರು. ಈಗ ಒಲೆ ಕಳುಹಿಸಿದ್ದೀಯ.

ಅಮ್ಮ


ಮಾರ್ಚ್ 29

ಮಗಳೇ,

ನಿನ್ನೆ ಒಂದು ಕಾಗದ ಹಾಕಿದ್ದೇನೆ. ಅದನ್ನು ಓದಬೇಡ. ಬೆಳಿಗ್ಗೆ ಎದ್ದವಳೇ ಅಂಚೆ ಡಬ್ಬಿಯ ಹತ್ತಿರ ಹೋಗಿ ಕಾದು ಕೂತೆ. ಪೋಸ್ಟಿನವನು ಚೀಲಕ್ಕೆ ಸುರಿದುಕೊಂಡ. ನನ್ನದೊಂದು ಕಾಗದ ವಾಪಸು ಬೇಕು ಎಂದು ಕೇಳಿದೆ. ಡಬ್ಬಿಗೆ ಬಿದ್ದ ಮೇಲೆ ಅದು ನಿಮ್ಮದಲ್ಲ ಎಂದ. ಕಾಲಿಗೆ ಬೀಳುವುದೊಂದು ಬಾಕಿ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ನಾನು ನಿನ್ನೆ ಕೊಯ್ದದ್ದು ನಿನ್ನದನ್ನು. ಒಡೆಯದೆ ಹರಿದು ಹಾಕು. ಅದರಲ್ಲಿ ಬೈಗುಳ ಬಿಟ್ಟು ಬೇರೇನೂ ಇಲ್ಲ.

ಒಲೆ ದರ್ಜಿಯ ಮನೆಯಲ್ಲಿದೆ. ಒಳ್ಳೆಯ ಒಲೆಯಂತೆ.

ನಿನ್ನ ಅಮ್ಮ


ಏಪ್ರಿಲ್ 20

ಮಗಳೇ,

ಕಾಗದ ಇಲ್ಲ. ಫೋನು ಮಾಡಿದರೆ ಗೆಳತಿ ಎತ್ತುತ್ತಾಳೆ, ನೀನು ಸ್ನಾನಕ್ಕೆ ಹೋಗಿದ್ದೀ ಎನ್ನುತ್ತಾಳೆ. ನಾಲ್ಕು ಸಲವೂ ಸ್ನಾನ.

ಇಲ್ಲಿ ಸೆಕೆ ಜೋರು. ಅಂಗಿ ಸುಟ್ಟವರಿಗೆ ಬೇರೆ ಅಂಗಿ ಹೊಲಿಸಿ ಕೊಟ್ಟೆ. ವಕೀಲರ ಹೆಂಡತಿ ಗಂಡನಿಗೆ ತಿಳಿಯದಂತೆ ಎರಡು ಸೀರೆ ಕಳುಹಿಸಿದ್ದಾಳೆ. ನೀನು ಹೇಗಿದ್ದೀಯ ಎಂದು ಒಂದು ಸಾಲು ಬರೆ. ಬೈದು ಬರೆದರೂ ಆಗಬಹುದು.

ನಿನ್ನ ಅಮ್ಮ


ಮೇ 11

ಅಮ್ಮನಿಗೆ,

ಮಾರ್ಚಿನ ಎರಡು ಕಾಗದವೂ ಒಂದೇ ದಿನ ಬಂದವು. ಮೊದಲು ತೆರೆದದ್ದು ಎರಡನೆಯದನ್ನು. ಓದಬೇಡ ಎಂದಿದ್ದೆ. ಓದಬೇಡ ಎಂದರೆ ಓದದೆ ಇರುವ ಮಗಳನ್ನು ನೀನು ಸಾಕಿಲ್ಲವಲ್ಲ.

ಸಿಗಲೇ ಇಲ್ಲ, ಎಲ್ಲೋ ಕಳೆದುಹೋಗಿರಬೇಕು ಎಂದು ಬರೆಯೋಣ ಎಂದುಕೊಂಡೆ. ಬರೆದು ಹರಿದೆ. ಓದಿದೆ ಅಮ್ಮ. ಎಷ್ಟು ಸಲ ಎಂದು ಲೆಕ್ಕವಿಲ್ಲ.

ಎಷ್ಟು ತಡಕಿದರೂ ನೆನಪಿಗೆ ಏನೂ ಬರುವುದಿಲ್ಲ. ತಟ್ಟೆಯಾಗಲಿ, ಸ್ಟವ್ ಆಗಲಿ, ಅಪ್ಪನ ಮುಖವಾಗಲಿ, ಒಂದೂ ಇಲ್ಲ. ಆ "ಥೂ" ಮಾತ್ರ ನನ್ನದು ಎಂದು ಗುರುತು ಸಿಗುತ್ತದೆ. ಅದೇ ದನಿ, ಅದೇ ಮೂಗು. ಆಸ್ಪತ್ರೆಯಲ್ಲಿ ಪೇಷೆಂಟಿಗೆ ನಾಲಗೆ ಹೊರಗೆ ಹಾಕಿ ಎನ್ನುವಾಗ ನನ್ನ ನಾಲಗೆ ನೆನಪಾಗಿ ಕೈ ನಿಲ್ಲುತ್ತದೆ. ಜಗತ್ತಿನಲ್ಲಿ ನನಗೆ ಹೇಸಿಗೆ ಎನ್ನಿಸುವ ವಸ್ತು ಈಗ ಅದೊಂದೇ. ರಕ್ತ ಬರುವ ತನಕ ಉಜ್ಜಿದೆ. ಡಾಕ್ಟರು ನೋಡಿ ಬೈದು, ಒಂದು ವಾರ ರಜೆ ಕೊಟ್ಟು ಕಳುಹಿಸಿದರು.

ಈಗ ನಾನು ಏನನ್ನೂ ಬಿಸಿ ಮಾಡಿಕೊಳ್ಳುವುದಿಲ್ಲ. ಗೆಳತಿ ಎಸೆಯಲು ಇಟ್ಟ ರೊಟ್ಟಿ, ಎರಡು ದಿನದ್ದು, ಮೂರು ದಿನದ್ದು, ನಿಂತುಕೊಂಡೇ ತಿನ್ನುತ್ತೇನೆ. ಚರ್ಮ ಜಗಿದ ಹಾಗಿರುತ್ತದೆ. ಹುಳಿ ವಾಸನೆ ಬರುತ್ತದೆ. ಆದರೂ ನುಂಗುತ್ತೇನೆ. ಮೊನ್ನೆ ಒಂದರ ಮೇಲೆ ಬೂಸ್ಟು ಇತ್ತು, ಕೆರೆಯಲೂ ಇಲ್ಲ. ಗೆಳತಿ ಹೆದರಿ ಬುಟ್ಟಿಗೆ ಬೀಗ ಹಾಕಿದ್ದಾಳೆ. ನೀನು ಏನು ಕೊಟ್ಟರೂ ಇನ್ನು ಬಾಯಿ ಮುಚ್ಚಿಕೊಂಡು ತಿನ್ನುತ್ತೇನೆ. ಬೇಡ ಎನ್ನುವ ಹಕ್ಕು ನನಗೆ ಅವತ್ತೇ ಮುಗಿಯಿತು.

ಒಂದೇ ಒಂದು ಕೇಳುತ್ತೇನೆ. ಎದ್ದು ಹೋಗುವಾಗ ಅಪ್ಪ ನನಗೆ ಏನಾದರೂ ಬೈದರಾ?

ಮಗಳು


ಮೇ 19

ಮಗಳೇ,

ಕಾಗದ ಬಂದ ದಿನ ಅಂಗಡಿ ತೆರೆಯಲಿಲ್ಲ.

ಬೈಯಲಿಲ್ಲ. ನೀನು ತಟ್ಟೆ ತಳ್ಳಿದಾಗ ನಾನು ನಿನ್ನ ಬೆನ್ನಿಗೆ ಒಂದು ಕೊಡಲು ಕೈ ಎತ್ತಿದ್ದೆ. ಅವರು ನಕ್ಕರು. "ಅವಳು ಹೇಳೋದು ಸರಿಯಾಗೇ ಇದೆ. ಇದು ರೊಟ್ಟಿ ಅಲ್ಲ, ಚಪ್ಪಲಿ" ಎಂದು ತಮ್ಮ ತಟ್ಟೆಯನ್ನೂ ತಳ್ಳಿದರು. ಎರಡು ತಟ್ಟೆಯ ರೊಟ್ಟಿಯನ್ನೂ ತೆಗೆದುಕೊಂಡು ಎದ್ದರು. ಅವರಿಗೂ ತಣ್ಣಗಿನದು ಸೇರುತ್ತಿರಲಿಲ್ಲ. ನಿನ್ನ ಮೂಗು ಅವರದ್ದು.

ಇದನ್ನು ಆ ಕಾಗದದಲ್ಲಿ ಬರೆಯಲಿಲ್ಲ. ಇನ್ನೊಂದನ್ನೂ ಬರೆಯಲಿಲ್ಲ. ಅದನ್ನು ಇಪ್ಪತ್ತೊಂದು ವರ್ಷದಿಂದ ಯಾರಿಗೂ ಹೇಳಿಲ್ಲ.

ಸ್ಟವ್ ಸೋರುತ್ತಿತ್ತು. ರಿಪೇರಿಗೆ ಕೊಡು ಎಂದು ಅವರು ಹೇಳಿ ವಾರವಾಗಿತ್ತು. ನಾನು ಮರೆತಿದ್ದೆ. ಹಿಂದಿನ ದಿನ ಕೊಟ್ಟು ತಂದೆಯಾ ಎಂದು ಕೇಳಿದಾಗ, ಬೈಯುತ್ತಾರೆ ಎಂದು ಹೂಂ ಎಂದುಬಿಟ್ಟೆ. ಆ ಬೆಳಿಗ್ಗೆ ಅದನ್ನು ಹಚ್ಚಬಾರದು ಎಂದೇ ನಿಮ್ಮಿಬ್ಬರಿಗೂ ತಣ್ಣಗಿನ ರೊಟ್ಟಿ ಹಾಕಿದ್ದು. ಅವರು ಎದ್ದಾಗ ಹಚ್ಚಬೇಡಿ ಎನ್ನಬೇಕಿತ್ತು. ಹೇಳಿದ ಸುಳ್ಳು ಹೊರಗೆ ಬೀಳುತ್ತದೆ ಎಂದು ತಲೆ ತಗ್ಗಿಸಿ ಕೂತೆ. ಗಾಳಿ ಹೊಡೆಯುವ ಸದ್ದು ಕೇಳಿಸುತ್ತಿತ್ತು. ಒಂದು, ಎರಡು, ಮೂರು, ಆಗಲೂ ಬೇಡ ಎನ್ನಲು ಸಮಯವಿತ್ತು. ಬಾಯಿ ಮುಚ್ಚಿಕೊಂಡೇ ಕೂತಿದ್ದೆ.

ನಾಲ್ಕು ವರ್ಷದ ಮಗು ಇದ್ದದ್ದನ್ನು ಇದ್ದ ಹಾಗೆ ಹೇಳಿತು, ತಣ್ಣಗಿದೆ ಎಂದು. ಆ ಕೋಣೆಯಲ್ಲಿ ನಿಜ ಹೇಳಿದವಳು ನೀನೊಬ್ಬಳೇ. ಆ ತಪ್ಪನ್ನು ಮಾರ್ಚ್ ಇಪ್ಪತ್ತೆಂಟಕ್ಕೆ ನಿನ್ನ ತಲೆಗೆ ಕಟ್ಟಿದೆನಲ್ಲ, ನನ್ನ ಕೈಗೇ ನನಗೆ ಹೇಸಿಗೆಯಾಗುತ್ತದೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಇದನ್ನು ಓದಿದ ಮೇಲೆ ನೀನು ಬಾರದೆ ಹೋದರೂ ಯಾಕೆ ಎಂದು ಕೇಳುವುದಿಲ್ಲ.

ಬಂದರೆ ಮಾತ್ರ ಒಂದು ಮಾತು. ಒಲೆ ಹಚ್ಚುವುದು ನನ್ನಿಂದ ಈ ಜನ್ಮಕ್ಕಾಗದು. ಬುಟ್ಟಿಯಲ್ಲಿರುವುದು ನಿನ್ನೆಯ ರೊಟ್ಟಿಯೇ. ಅದನ್ನು ಬಾಯಿ ಮುಚ್ಚಿಕೊಂಡು ತಿನ್ನಬೇಡ. ಈ ಮನೆಯಲ್ಲಿ ಬಾಯಿ ಮುಚ್ಚಿಕೊಂಡವಳು ನಾನೊಬ್ಬಳು ಸಾಕು. ಥೂ ಅನ್ನಿಸಿದರೆ ಥೂ ಎನ್ನು, ತಟ್ಟೆ ತಳ್ಳು. ನಾನು ಎದುರಿಗೇ ಕೂತಿರುತ್ತೇನೆ.

ನಿನ್ನ ಅಮ್ಮ